ಕಾಣದ ಪ್ರೇಕ್ಷಕರು

ಪಿರಿಯಾಪಟ್ಟಣದ ಸುತ್ತಮುತ್ತ ಮಳೆಗಾಲದಲ್ಲಿ ಹೊಗೆಸೊಪ್ಪಿನ ಕಟಾವು ನಡೆಯುತ್ತದೆ. ಹಸಿ ಎಲೆ ಮುರಿದವರ ಕೈಗೆ ಅಂಟು ಮೆತ್ತಿಕೊಂಡು ಕಪ್ಪಾಗುತ್ತದೆ. ಸಾಬೂನಿಗೆ ಅದು ಬೇಗನೆ ಬಿಡುವುದಿಲ್ಲ. ತಂದೆಗೆ ಹೊಲದಲ್ಲಿ ನೆರವಾಗಿ, ಬಳಿಕ ಬಸ್ಸು ಹತ್ತಿ ಹುಣಸೂರಿನ ಶಾಲೆಗೆ ಬರುವ ಒಬ್ಬ ಬಾಲಕನನ್ನು ಊಹಿಸಿಕೊಳ್ಳೋಣ. ಕಪ್ಪುಹಲಗೆಯ ಮೇಲೆ ಲೆಕ್ಕ ಬಿಡಿಸಲು ಅಧ್ಯಾಪಕರು ಕರೆದಾಗ, ಉತ್ತರ ತಿಳಿದಿದ್ದರೂ ಅವನು ಏಳುವುದಿಲ್ಲ. ತರಗತಿಯೆಲ್ಲ ತನ್ನ ಕೈಗಳನ್ನೇ ನೋಡುತ್ತಿದೆಯೆಂದು ಅವನ ನಂಬಿಕೆ. ನಾಲ್ಕು ದಿನ ಹೀಗಾದರೆ ಐದನೆಯ ದಿನ ಅವನು ಶಾಲೆಗೇ ಬಾರದೆ ಉಳಿದಾನು.

ಅಮೆರಿಕದ ಮನೋವಿಜ್ಞಾನಿ ಡೇವಿಡ್ ಎಲ್ಕೈಂಡ್ 1967ರಲ್ಲಿ ಈ ಸ್ಥಿತಿಯನ್ನು ವಿವರಿಸಿ, ಅದಕ್ಕೆ ‘ಕಾಲ್ಪನಿಕ ಪ್ರೇಕ್ಷಕರು’ ಎಂಬ ಹೆಸರಿತ್ತರು. ಹದಿಹರೆಯದಲ್ಲಿ ಇತರರ ಮನಸ್ಸಿನಲ್ಲಿ ಏನಿದೆಯೆಂದು ಆಲೋಚಿಸುವ ಶಕ್ತಿ ಬೆಳೆಯುತ್ತದೆ. ಆದರೆ ತನ್ನ ಮನಸ್ಸನ್ನು ತುಂಬಿರುವ ಚಿಂತೆಯೇ ಇತರರ ಮನಸ್ಸನ್ನೂ ತುಂಬಿದೆಯೆಂದು ಹದಿಹರೆಯದವರು ಎಣಿಸುತ್ತಾರೆ. ಇದು ಬೆಳವಣಿಗೆಯ ಒಂದು ಘಟ್ಟ. ದೊಡ್ಡವರಲ್ಲಿಯೂ ಇದರ ಶೇಷ ಇಲ್ಲದಿಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2000ದಲ್ಲಿ ಪ್ರಕಟಿಸಿದ ಪ್ರಯೋಗವೊಂದು ಸ್ವಾರಸ್ಯಕರವಾಗಿದೆ. ಕಾಲೇಜು ವಿದ್ಯಾರ್ಥಿಗಳಿಗೆ ಮುಜುಗರ ತರುವ ಚಿತ್ರವಿದ್ದ ಅಂಗಿ ತೊಡಿಸಿ, ಒಬ್ಬೊಬ್ಬರನ್ನಾಗಿ ಇತರರು ಕುಳಿತಿದ್ದ ಕೋಣೆಗೆ ಕಳುಹಿಸಿದರು. ಅರ್ಧದಷ್ಟು ಜನ ಚಿತ್ರವನ್ನು ಗುರುತಿಸಿರಬಹುದೆಂದು ತೊಟ್ಟವರು ಊಹಿಸಿದರು. ಗುರುತಿಸಿದವರು ಸುಮಾರು ಕಾಲುಭಾಗ ಮಾತ್ರ.

ಎಲ್ಕೈಂಡ್ ಗುರುತಿಸಿದ ಇನ್ನೊಂದು ಭ್ರಮೆ ಇದಕ್ಕಿಂತ ಅಪಾಯಕರವಾದುದು. ಎಲ್ಲರ ಕಣ್ಣೂ ತನ್ನ ಮೇಲಿದೆಯೆಂದು ಬಗೆದವನು, ಇತರರಿಗೆ ಒದಗುವ ಕೇಡು ತನಗೆ ತಟ್ಟದು ಎಂದೂ ಬಗೆಯುತ್ತಾನೆ. ಕೃಷ್ಣರಾಜನಗರದ ಬಳಿ ಚುಂಚನಕಟ್ಟೆಯಲ್ಲಿ ಕಾವೇರಿ ಬಂಡೆಗಳ ನಡುವೆ ಧುಮುಕುತ್ತದೆ. ಮಳೆಗಾಲದಲ್ಲಿ ಅಲ್ಲಿ ನೀರಿಗಿಳಿಯಬಾರದೆಂದು ಯಾವ ಹುಡುಗನನ್ನು ಕೇಳಿದರೂ ಹೇಳಿಯಾನು. ಹೆಗ್ಗಡದೇವನಕೋಟೆಯಲ್ಲಿ ಕಬಿನಿಯ ಹಿನ್ನೀರಿನ ಅಂಚಿನಲ್ಲಿ ಬೆಳೆದವನಿಗೂ ನೀರಿನ ಆಳದ ಅರಿವು ಇದ್ದೇ ಇರುತ್ತದೆ. ಆದರೂ ಗೆಳೆಯರು ದಡದಲ್ಲಿ ನಿಂತು ನೋಡುತ್ತಿರುವಾಗ ಆ ಅರಿವು ಹಿಂದೆ ಸರಿಯುತ್ತದೆ. ಪರಿಣಾಮವನ್ನು ತೂಗಿ ನೋಡುವ ಮೆದುಳಿನ ಮುಂಭಾಗ ಪಕ್ವವಾಗಲು ಇಪ್ಪತ್ತೈದು ವರ್ಷದ ಆಸುಪಾಸಿನವರೆಗೂ ಕಾಲ ಹಿಡಿಯುತ್ತದೆ. ಉತ್ಸಾಹ, ಮೆಚ್ಚುಗೆಗಳಿಗೆ ಓಗೊಡುವ ಭಾಗಗಳಾದರೋ ಅದಕ್ಕೂ ಮೊದಲೇ ಚುರುಕಾಗುತ್ತವೆ. ಆದುದರಿಂದಲೇ ತರಗತಿಯಲ್ಲಿ ಕೈ ಮರೆಮಾಡಿಕೊಳ್ಳುವ ಬಾಲಕನೇ ರಜೆಯ ದಿನ ಹೊಳೆಗೆ ಹಾರಬಲ್ಲನು. ಎರಡು ಕಡೆಯೂ ಅವನ ಮುಂದಿರುವುದು ಅದೇ ಪ್ರೇಕ್ಷಕವರ್ಗ.

ತರಗತಿಯಲ್ಲಿ ಪಕ್ಕದ ಸಾಲಿನ ಬಾಲಕಿ ಅವನ ಕೈಗಳನ್ನು ಗಮನಿಸಿಯೇ ಇಲ್ಲ. ಉಂಗುಟ ಕಿತ್ತು ಪಿನ್ನು ಚುಚ್ಚಿದ ತನ್ನ ಚಪ್ಪಲಿಯನ್ನು ಯಾರು ನೋಡಿಬಿಡುವರೋ ಎಂದು ಅವಳು ಕಾಲುಗಳನ್ನು ಬೆಂಚಿನ ಕೆಳಗೆ ಎಳೆದುಕೊಂಡು ಕುಳಿತಿದ್ದಾಳೆ.