ಚಿನಿವಾರಮುದ್ರೆಗಳೂ ಬೆಳ್ಳಿಯ ನಾಣ್ಯಗಳ ತರನಿರ್ಣಯವೂ

ಹಳೆಯ ಬೆಳ್ಳಿಯ ರೂಪಾಯಿಗಳ ಮೇಲೆ ಕಮ್ಮಟದ ಅಚ್ಚಿಗೆ ಸೇರದ ಹೂವು, ನಕ್ಷತ್ರ, ಅರ್ಧಚಂದ್ರ, ಚುಕ್ಕೆ ಮೊದಲಾದ ಸಣ್ಣ ಗುರುತುಗಳು ಅನೇಕವೇಳೆ ಕಾಣಬರುತ್ತವೆ. ಇವು ಚಿನಿವಾರರು, ಎಂದರೆ ಸರಾಫರು, ನಾಣ್ಯವನ್ನು ಪರೀಕ್ಷಿಸಿ ಒತ್ತಿದ ಮುದ್ರೆಗಳು. ಇಂಥ ನಾಣ್ಯವನ್ನು ಸಂಗ್ರಾಹಕರು ಊನವುಳ್ಳದ್ದೆಂದು ಬಗೆದು ಕೆಳಗಣ ತರಕ್ಕೆ ಇಳಿಸುವುದು ರೂಢಿ. ಈ ರೂಢಿಯು ಇತಿಹಾಸಶೋಧಕನಿಗೆ ಎಷ್ಟರಮಟ್ಟಿಗೆ ಗ್ರಾಹ್ಯವೆಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶವು.

ಹುಬ್ಬಳ್ಳಿಯು ಹಿಂದಿನಿಂದಲೂ ಅರಿವೆಯ ವ್ಯಾಪಾರಕ್ಕೆ ಹೆಸರಾದ ಪೇಟೆ. 1673ರಲ್ಲಿ ಮರಾಠರ ಸೈನ್ಯವು ಅದನ್ನು ಸೂರೆಗೊಂಡಾಗ ಅಲ್ಲಿ ಇಂಗ್ಲಿಷರ ಕೋಠಿಯೂ ಇದ್ದಿತು. ಮುಂದೆ ಈ ಸೀಮೆಯ ಸುತ್ತುಮುತ್ತ ಬಾಗಲಕೋಟೆಯ ಮಲ್ಹಾರಶಾಹಿ, ಶಹಾಪುರದ ಶಹಾಪುರಿ ಮುಂತಾದ ರೂಪಾಯಿಗಳು ನಡೆದವು. ಕಮ್ಮಟಗಳು ಹಲವಾದಲ್ಲಿ ತೂಕವೂ ಶುದ್ಧಿಯೂ ಒಂದೇ ಆಗಿರವು. ಆದುದರಿಂದ ಚಿನಿವಾರನು ಪ್ರತಿಯೊಂದನ್ನೂ ತೂಗಿ, ನಾದವನ್ನು ಕೇಳಿ, ಸಂಶಯವಿದ್ದಲ್ಲಿ ಉಳಿಯಿಂದ ಕಚ್ಚು ಹಾಕಿ, ತಕ್ಕ ವಟ್ಟವನ್ನು ಕಳೆದು ಸ್ವೀಕರಿಸುತ್ತಿದ್ದನು. 1835ರಲ್ಲಿ ಕಂಪನಿಯು 180 ಗ್ರೇನು ತೂಕದ, ಹನ್ನೆರಡರಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿಯ ಏಕರೂಪದ ರೂಪಾಯಿಯನ್ನು ಹೊರಡಿಸಿದ ಬಳಿಕ ಈ ಪರೀಕ್ಷೆಯ ಅವಶ್ಯಕತೆಯು ಕ್ರಮೇಣ ಕುಗ್ಗಿತು.

ತರವನ್ನು ನಿರ್ಣಯಿಸುವಾಗ ಸವೆತವನ್ನೂ ಮುದ್ರೆಯನ್ನೂ ಬೆರೆಸಲಾಗದು. ಸವೆತದಿಂದ ಲೋಹವು ನಷ್ಟವಾಗುತ್ತದೆ. ಮುದ್ರೆಯ ಪೆಟ್ಟಿನಿಂದ ಲೋಹವು ಬದಿಗೆ ಸರಿಯುವುದಲ್ಲದೆ ಕಡಿಮೆಯಾಗುವುದಿಲ್ಲ. ಪೆಟ್ಟು ಬಲವಾಗಿದ್ದರೆ ಹಿಂಬದಿಯ ಅಕ್ಷರಗಳು ಅದೇ ಎಡೆಯಲ್ಲಿ ಚಪ್ಪಟೆಯಾಗಿರುತ್ತವೆ. ಇದನ್ನು ಸವೆತವೆಂದು ಭ್ರಮಿಸಬಾರದು. ಲೇಖವು ಸವೆದಿದ್ದು ಮುದ್ರೆಯ ಅಂಚು ಹರಿತವಾಗಿದ್ದರೆ ನಾಣ್ಯವು ಬಹುಕಾಲ ನಡೆದ ಮೇಲೆ ಮುದ್ರೆ ಬಿದ್ದಿತೆಂದೂ, ಎರಡೂ ಸಮನಾಗಿ ಸವೆದಿದ್ದರೆ ಮುದ್ರೆಯಾದ ಮೇಲೆಯೂ ನಾಣ್ಯವು ಬಹಳ ಕೈಗಳನ್ನು ದಾಟಿತೆಂದೂ ಊಹಿಸಬಹುದು.

ಈ ವಿಚಾರಸರಣಿಯ ಫಲವು ಪ್ರಾಚೀನ ನಾಣ್ಯಗಳಲ್ಲಿ ಚೆನ್ನಾಗಿ ಕಂಡುಬಂದಿದೆ. 1924ರಲ್ಲಿ ತಕ್ಷಶಿಲೆಯ ಭಿರ್ ದಿಬ್ಬದಲ್ಲಿ ದೊರೆತ ಕಾರ್ಷಾಪಣಗಳನ್ನು ಪರಿಶೀಲಿಸಿದ ದಾಮೋದರ ಧರ್ಮಾನಂದ ಕೊಸಾಂಬಿಯವರು, ಹಿಂಬದಿಯ ಮುದ್ರೆಗಳು ಹೆಚ್ಚಿದಂತೆ ಸರಾಸರಿ ತೂಕವು ಇಳಿಯುವುದನ್ನು ತೋರಿಸಿದರು. ಊನವೆನಿಸಿದ್ದೇ ಅಲ್ಲಿ ಚಲಾವಣೆಯ ಲೆಕ್ಕವಾಯಿತು.

ಆದರೆ ಮುದ್ರೆಯೊಂದೇ ನೈಜತೆಗೆ ಪ್ರಮಾಣವಾಗಲಾರದು. ಎರಕದ ಖೋಟಾ ನಾಣ್ಯದಲ್ಲಿ ಮುದ್ರೆಯೂ ಎರಕದಲ್ಲಿಯೇ ಮೂಡಿ, ಅದರ ಅಂಚು ಮೊಂಡಾಗಿರುತ್ತದೆ. ಎರಡು ನಾಣ್ಯಗಳಲ್ಲಿ ಒಂದೇ ಮುದ್ರೆಯು ಒಂದೇ ಸ್ಥಳದಲ್ಲಿ, ಒಂದೇ ಓರೆಯಲ್ಲಿ ಇದ್ದರೆ ಅವನ್ನು ಶಂಕಿಸಬೇಕು. ತಾಮ್ರದ ಮೇಲೆ ಬೆಳ್ಳಿಯ ತಗಡನ್ನು ಹೊದಿಸಿದುದನ್ನಾದರೋ ಆಳವಾದ ಕಚ್ಚು ಬಯಲಿಗೆಳೆಯುತ್ತದೆ.

ಆದಕಾರಣ ವರ್ಣನೆಯಲ್ಲಿ ಮೊದಲು ತೂಕ, ಅನಂತರ ಸವೆತದ ತರ, ಬಳಿಕ ಪ್ರತ್ಯೇಕವಾಗಿ ಮುದ್ರೆಗಳ ಸಂಖ್ಯೆ, ಆಕಾರ, ಸ್ಥಾನ ಇವನ್ನು ನಮೂದಿಸುವುದು ಯುಕ್ತ. ಬೆಲೆಯ ಆಸೆಯಿಂದ ಮುದ್ರೆಗಳನ್ನು ತುಂಬಿಸಿ ಉಜ್ಜಿಸುವವರು ನಾಣ್ಯದ ತರವನ್ನು ಏರಿಸುವುದಿಲ್ಲ. ಹೆಸರುಳಿಯದ ಚಿನಿವಾರರು ಬಿಟ್ಟುಹೋದ ದಫ್ತರವೆಂದರೆ ಈ ಮುದ್ರೆಗಳೇ. ಒಮ್ಮೆ ಅಳಿಸಿದುದನ್ನು ಮತ್ತೆ ಓದುವ ಉಪಾಯವಿಲ್ಲ.