ಭೀಮಾತೀರದ ಹೂತ ಚೈತ್ಯ

ಇಂಡಿ, ಸಿಂದಗಿಗಳ ಸೀಮೆಯನ್ನು ತೊಳೆದು ಹರಿಯುವ ಭೀಮಾನದಿಯು ಮುಂದೆ ಕಲಬುರಗಿ ಜಿಲ್ಲೆಯ ಸನ್ನತಿಯ ಬದಿಯಲ್ಲಿ ಸಾಗುವುದು. ಅಲ್ಲಿಯ ಚಂದ್ರಲಾಂಬೆಯು ನಮ್ಮ ಕಡೆಯ ಎಷ್ಟೋ ಮನೆತನಗಳ ಕುಲದೇವತೆ. ದೇವಿಯ ದರ್ಶನಕ್ಕೆಂದು ಹೋದ ನಾವು ಸಮೀಪದ ಕನಗನಹಳ್ಳಿಯ ಅವಶೇಷಗಳನ್ನೂ ನೋಡಿ ಬಂದೆವು.

ಇಟಲಿಯ ಪಾಂಪೇಯಿ ಪಟ್ಟಣವು ಕ್ರಿ. ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದುದನ್ನು ವಾಚಕರು ಕೇಳಿರಬಹುದು. ಒಲೆಯಲ್ಲಿದ್ದ ರೊಟ್ಟಿಯು ಸಹ ಅಲ್ಲಿ ಕರಿಕಾಗಿ ಉಳಿದು ದೊರೆಯಿತು. ಅದೇ ಶತಮಾನದಲ್ಲಿ, ಶಾತವಾಹನರ ಕಾಲಕ್ಕೆ, ಈ ಭೀಮಾತೀರದಲ್ಲಿ ಬೌದ್ಧರ ಮಹಾಚೈತ್ಯವೊಂದು ಶೋಭಿಸುತ್ತಿದ್ದಿತು. ಇದನ್ನು ಮುಚ್ಚಿದುದು ಅಗ್ನಿಯಲ್ಲ. ಜನರು ಮರೆತರು, ಕಲ್ಲುಗಳು ಉರುಳಿದವು, ಮಣ್ಣು ಮೇಲೇರಿತು. 1994ರ ಸುಮಾರಿಗೆ ಪುರಾತತ್ತ್ವ ಇಲಾಖೆಯವರು ಅಗೆಯಲಾಗಿ ಕೆತ್ತನೆಯ ಫಲಕಗಳು ಹೊರಬಂದವು. ಅವುಗಳಲ್ಲೊಂದರಲ್ಲಿ ಅರಸನೂ ಅರಸಿಯೂ ನಿಂತಿರುವರು. ಬ್ರಾಹ್ಮೀ ಲಿಪಿಯಲ್ಲಿ ‘ರಾಯ ಅಸೋಕೋ’ ಎಂದಿದೆ. ಸಂಸ್ಕೃತದ ‘ರಾಜಾ’ ಶಬ್ದವು ಪ್ರಾಕೃತದಲ್ಲಿ ‘ರಾಯ’ವಾಗಿ ನಮ್ಮ ಮನೆಮಾತಿನ ‘ರಾಯರ’ಲ್ಲಿ ಇಂದಿಗೂ ಬಾಳುತ್ತಿದೆ.

ಸನ್ನತಿಯಲ್ಲಿ 1986ರಲ್ಲಿ ಕಾಳಿಯ ಗುಡಿಯ ಮಾಳಿಗೆ ಕುಸಿದಾಗ, ವಿಗ್ರಹದ ಪೀಠವಾಗಿದ್ದ ಕಲ್ಲು ಅಶೋಕನ ಶಾಸನವೆಂದು ತಿಳಿದುಬಂದಿತು. ಪರಮತವನ್ನು ಗೌರವಿಸಿರೆಂಬ ಆಜ್ಞೆಯೂ ಅದರಲ್ಲಿದೆ. ಪೀಠಕ್ಕೆಂದು ಕಲ್ಲಿನ ನಡುವೆ ಕಂಡಿ ಕೊರೆದುದರಿಂದ ಕೆಲವು ಅಕ್ಷರಗಳು ಶಾಶ್ವತವಾಗಿ ಹೋದವು. ಕೊರೆದವರು ಭಕ್ತರೇ, ಅವರಿಗೆ ಲಿಪಿ ತಿಳಿಯದು.

ಮುದ್ದೇಬಿಹಾಳ, ಬಾಗೇವಾಡಿಗಳ ಹಳ್ಳಿಗಳಲ್ಲಿಯೂ ಹೊಲದ ಬದುವಿನಲ್ಲಿ, ಬಾವಿಯ ಕಟ್ಟೆಯಲ್ಲಿ ಅಕ್ಷರದ ಕಲ್ಲು ಕಂಡರೆ ಗೃಹಸ್ಥರು ಅದನ್ನು ಒಡೆಯದೆ, ಸುಣ್ಣ ಬಳಿಯದೆ, ಬಲ್ಲವರಿಗೆ ತಿಳಿಸಬೇಕು. ಓದಲಾರದ ಕಲ್ಲೂ ಹಿರಿಯರ ಮಾತೇ ಆಗಿರಬಹುದು.