ಕಬ್ಬಿಣಕ್ಕೆ ಬಣ್ಣ ಹಚ್ಚುವ ಮೊದಲು



ಕೃಷ್ಣೆ, ಘಟಪ್ರಭೆಗಳ ದಂಡೆಯ ನಮ್ಮ ಊರುಗಳಲ್ಲಿ ಬೇಸಗೆಯ ಬೆಳೆಯ ಜೀವವಿರುವುದು ಬ್ಯಾರೇಜಿನ ಹಿಂದೆ ನಿಂತ ನೀರಿನಲ್ಲಿ. 1989ರಲ್ಲಿ ಜಮಖಂಡಿ ಸೀಮೆಯ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ವಂತಿಗೆ ಕೂಡಿಸಿ, ಮೈಮುರಿದು ದುಡಿದು, ಚಿಕ್ಕಪಡಸಲಗಿಯಲ್ಲಿ ಬ್ಯಾರೇಜು ಕಟ್ಟಿದ್ದನ್ನು ಹಿರಿಯರು ಬಲ್ಲರು. ಆದರೆ ಯಾವ ಬ್ಯಾರೇಜೇ ಆಗಲಿ, ಕಲ್ಲು ಸಿಮೆಂಟಿನ ಕಂಬಗಳ ನಡುವೆ ನೀರನ್ನು ಹಿಡಿದು ನಿಲ್ಲಿಸುವುದು ಕಬ್ಬಿಣದ ಹಲಗೆ ಅಥವಾ ಗೇಟು. ಅದರ ಅಂಚನ್ನು ತುಕ್ಕು, ಅಂದರೆ ನಮ್ಮ ಕಡೆಯ ಮಾತಿನ ಜಂಗು, ತಿಂದು ತೂತು ಮಾಡಿದರೆ ಏಪ್ರಿಲ್ ತಿಂಗಳಲ್ಲಿ ಕಬ್ಬಿಗೆ ಬೇಕಾದ ನೀರು ಹಗಲಿರುಳೂ ಸೋರಿಹೋಗುತ್ತದೆ.

ಜಂಗು ಹತ್ತುವುದಕ್ಕೆ ನೀರು ಬೇಕು, ಗಾಳಿಯೂ ಬೇಕು. ಎರಡೂ ಕೂಡಿದಲ್ಲಿ ಕಬ್ಬಿಣದ ಮೇಲೆ ಸಣ್ಣ ಸಣ್ಣ ವಿದ್ಯುತ್ ಬ್ಯಾಟರಿಗಳಂತೆ ಕೆಲಸ ನಡೆದು ಲೋಹ ಕರಗುತ್ತ ಹೋಗುತ್ತದೆ. ನೀರಿನಲ್ಲಿ ಉಪ್ಪು ಇದ್ದರಂತೂ ವೇಗ ಹೆಚ್ಚು. ಕಾಲುವೆ, ಪಂಪುಗಳ ನೀರು ಮಿತಿಮೀರಿ ಹಾಯಿಸಿ ಜಮಖಂಡಿ, ಮುಧೋಳ ಭಾಗದ ಎಷ್ಟೋ ಎರೆಹೊಲಗಳು ಸವುಳಾಗಿರುವುದು ನಿಮಗೆ ಗೊತ್ತೇ ಇದೆ. ಆ ಉಪ್ಪು ಬೆಳೆಯನ್ನಷ್ಟೇ ಅಲ್ಲ, ಹೊಲದಲ್ಲಿ ಹುಗಿದ ಪೈಪನ್ನೂ ತಿನ್ನುತ್ತದೆ. ಪೊಟ್ಯಾಶ್ ಗೊಬ್ಬರವೂ ಒಂದು ಬಗೆಯ ಉಪ್ಪೇ. ಒಂದೇ ಸಮ ಮುಳುಗಿರುವ ಕಬ್ಬಿಣಕ್ಕಿಂತ, ಒಮ್ಮೆ ನೆನೆದು ಒಮ್ಮೆ ಒಣಗುವ ಕಬ್ಬಿಣ ಬೇಗ ಕೆಡುತ್ತದೆ. ಬೀಳಗಿ ತಾಲೂಕಿನಲ್ಲಿ ಆಲಮಟ್ಟಿ ಹಿನ್ನೀರಿಗೆ ಪೈಪು ಇಳಿಬಿಟ್ಟವರು ನೀರಿನ ಮಟ್ಟ ಏರಿ ಇಳಿಯುವ ಗೆರೆಯನ್ನೇ ನೋಡಿಕೊಳ್ಳಬೇಕು.

ಬಣ್ಣ ಮಾಡುವ ಕೆಲಸ ಅಂದ ಕೊಡುವುದಲ್ಲ. ನೀರು, ಗಾಳಿ, ಉಪ್ಪು ಲೋಹವನ್ನು ಮುಟ್ಟದಂತೆ ತಡೆಯುವುದು. ಈಗಿನ ಒಳ್ಳೆಯ ಬಣ್ಣಗಳೆಲ್ಲ ಪಾಲಿಮರ್ ಎಂಬ ವಸ್ತುವಿನವು, ಅಂದರೆ ಚಿಕ್ಕ ಅಣುಗಳು ಸರಪಳಿಯಂತೆ ಕೂಡಿಕೊಂಡಂಥವು. ರಬಕವಿ-ಬನಹಟ್ಟಿಯ ನೇಕಾರ ಬಂಧುಗಳಿಗೆ ಇದನ್ನು ತಿಳಿಸುವುದು ಸುಲಭ. ಬರೀ ಹಾಸಿನ ನೂಲು ಬಟ್ಟೆಯಾಗದು. ಹೊಕ್ಕು ಬಿದ್ದಾಗಲೇ ಬಿಗಿ ಬರುತ್ತದೆ. ಎಪಾಕ್ಸಿ ಬಣ್ಣ ಎರಡು ಡಬ್ಬಿಗಳಲ್ಲಿ ಬರುವುದು ಇದಕ್ಕಾಗಿಯೇ. ಒಂದು ಹಾಸು, ಇನ್ನೊಂದು ಹೊಕ್ಕು. ಎರಡನ್ನೂ ಡಬ್ಬಿಯ ಮೇಲೆ ಬರೆದ ಪ್ರಮಾಣದಲ್ಲಿಯೇ ಕೂಡಿಸಬೇಕು. ಕೂಡಿಸಿದ್ದನ್ನು ಹೇಳಿದ ಹೊತ್ತಿನೊಳಗೆ ಮುಗಿಸಬೇಕು. ಗಟ್ಟಿಯಾಗುತ್ತಿದೆಯೆಂದು ಸೀಮೆಎಣ್ಣೆ ಸುರಿದರೆ ಎಲ್ಲವೂ ಹಾಳು.

ಆದರೆ ಬೆಲೆಯುಳ್ಳ ಬಣ್ಣ ತಂದ ಮಾತ್ರಕ್ಕೆ ಆಗಲಿಲ್ಲ. ಇದನ್ನು ನಾನು ಕಲಿತದ್ದು ನನ್ನ ತಪ್ಪಿನಿಂದಲೇ. ಗೊಬ್ಬರ ಹೇರುತ್ತಿದ್ದ ನಮ್ಮ ಮನೆಯ ಟ್ರೇಲರನ್ನು ಅವಸರದಲ್ಲಿ ಅರಿವೆಯಿಂದ ಒರಸಿ, ಮೇಲೆ ಎರಡು ಸಲ ಬಣ್ಣ ಬಳಿದೆ. ನೋಡಿದವರು ಹೊಸದೆಂದರು. ಒಂದೇ ಮಳೆಗಾಲದಲ್ಲಿ ಅದು ಉಳ್ಳಾಗಡ್ಡಿಯ ಸಿಪ್ಪೆಯಂತೆ ಎದ್ದು ಬಂತು! ಜಂಗು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಹಿಡಿಯುತ್ತದೆ. ಕೆಳಗಿನಿಂದ ಉಬ್ಬಿ ಬಣ್ಣವನ್ನು ಎತ್ತಿಬಿಡುತ್ತದೆ. ಇದಲ್ಲದೆ ಯಾವ ಬಣ್ಣವೂ ನೀರಿನ ಆವಿಯನ್ನು ಪೂರ್ತಿ ತಡೆಯಲಾರದು. ಕೆಳಗೆ ಉಪ್ಪು ಉಳಿದಿದ್ದರೆ ಅದು ಆ ಆವಿಯನ್ನು ಎಳೆದುಕೊಂಡು ಬೊಕ್ಕೆ ಎಬ್ಬಿಸುತ್ತದೆ.

ಆದುದರಿಂದ ಮೊದಲು ಸಿಹಿನೀರಿನಿಂದ ಚೆನ್ನಾಗಿ ತೊಳೆಯಿರಿ. ತಂತಿ ಬ್ರಷ್ಷು ಜಂಗನ್ನು ಕೀಳಬಲ್ಲದು, ಉಪ್ಪನ್ನಲ್ಲ. ಒಣಗಿದ ಮೇಲೆ ಕೆರೆದು ತಿಕ್ಕಿ, ಪದರು ಪದರಾದ ಜಂಗನ್ನೆಲ್ಲ ತೆಗೆಯಿರಿ. ಎಣ್ಣೆ, ಗ್ರೀಸಿನ ಕಲೆ ಇರಬಾರದು. ಬಿಳಿ ಅರಿವೆಯಿಂದ ಒರಸಿ ನೋಡಿರಿ. ಅರಿವೆ ಕೆಂಪಾದರೆ ಇನ್ನೂ ಕೆಲಸವಿದೆ. ತಿಕ್ಕಿದ ದಿನವೇ ಮೊದಲ ಲೇಪ ಬೀಳಬೇಕು. ಇಬ್ಬನಿ ಆರುವ ಮೊದಲು ಬೇಡ, ಮುಟ್ಟಿದರೆ ಕೈ ಸುಡುವಷ್ಟು ಕಾದ ತಗಡಿನ ಮೇಲೂ ಬೇಡ.

ಮೊದಲ ಲೇಪಕ್ಕೆ ಸತುವಿನ ಪುಡಿ ಹೆಚ್ಚಾಗಿರುವ ಎಪಾಕ್ಸಿ ಪ್ರೈಮರ್ ಉತ್ತಮ. ಬಣ್ಣಕ್ಕೆ ಗೀರು ಬಿದ್ದರೆ ಸತುವು ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಇದು ಅಚ್ಚ ಲೋಹಕ್ಕೆ ತಾಗಿದರೆ ಮಾತ್ರ ಕೆಲಸ ಮಾಡೀತು. ಜಂಗಿನ ಮೇಲೆ ಬಳಿದರೆ ದುಡ್ಡು ದಂಡ. ಮೇಲಿನ ಲೇಪ ಎಪಾಕ್ಸಿಯಾಗಿರಲಿ. ಎಪಾಕ್ಸಿ ಬಿಸಿಲಿಗೆ ಸುಣ್ಣದಂತೆ ಪುಡಿಗಟ್ಟುವುದರಿಂದ ಹೊರಗೆ ನಿಲ್ಲುವ ಸಾಮಾನಿಗೆ ಕೊನೆಯಲ್ಲಿ ಪಾಲಿಯುರೆಥೇನ್ ಬಣ್ಣ ಕೊಡುತ್ತಾರೆ. ಅದರ ಆವಿ ಎದೆಗೆ ಕೆಟ್ಟದ್ದು. ಬಯಲಿನಲ್ಲಿಯೇ ಹಚ್ಚಿರಿ, ಕೈಗೆ ಚೀಲ ಹಾಕಿಕೊಳ್ಳಿರಿ. ಬಣ್ಣ ಚೂಪಾದ ಅಂಚಿನಿಂದ ಹಿಂದೆ ಸರಿಯುತ್ತದೆ. ಆದ್ದರಿಂದ ಅಂಚು, ಬೆಸುಗೆ, ಬೋಲ್ಟಿನ ತೂತುಗಳಿಗೆ ಮೊದಲೇ ಒಂದು ಸಲ ಬೇರೆಯಾಗಿ ಹಚ್ಚಬೇಕು. ನೇಗಿಲು, ಕೂರಿಗೆಗಳಿಗೆ ಇಷ್ಟೊಂದು ಖರ್ಚು ನನ್ನ ಮತದಲ್ಲಿ ಬೇಕಿಲ್ಲ. ತೊಳೆದು ಒಣಗಿಸಿ ಎಣ್ಣೆ ಸವರಿ ಇಟ್ಟರೆ ಸಾಕು.

ಇನ್ನು ಬ್ಯಾರೇಜಿನ ಮಾತು. ಕೊಲ್ಹಾಪುರ ಮಾದರಿಯ ಬ್ಯಾರೇಜುಗಳಲ್ಲಿ ಮಳೆಗಾಲ ಮುಗಿದ ಮೇಲೆ ಹಲಗೆ ಇಳಿಸಿ, ಮುಂದಿನ ಮಳೆಗೆ ಮುಂಚೆ ಎತ್ತುತ್ತಾರೆ. ಎತ್ತಿದ ಹಲಗೆಗಳನ್ನು ದಂಡೆಯ ಕೆಸರಿನಲ್ಲಿ ಒಟ್ಟಿಬಿಟ್ಟರೆ ನೀರಿನಲ್ಲಿದ್ದಾಗ ಕೆಡದದ್ದು ದಂಡೆಯ ಮೇಲೆ ಕೆಡುತ್ತದೆ. ಕಲ್ಲಿನ ಮೇಲೆ, ಗಾಳಿಯಾಡುವಂತೆ ನಿಲ್ಲಿಸಿದರೆ ಒಳ್ಳೆಯದು. ಬಣ್ಣ ಹಚ್ಚಿಸುವುದು ನೀರಾವರಿಯವರ ಕೆಲಸ ನಿಜ, ಆದರೆ ನೀರು ನಿಮ್ಮದು. ಗುತ್ತಿಗೆಯವರು ಬಂದ ದಿನ ಊರಿನ ನಾಲ್ಕು ಜನ ಹೋಗಿ ನಿಲ್ಲಿರಿ. ಎಷ್ಟು ಲೇಪ ಎಂದು ಕೇಳುವುದು ಆಮೇಲೆ. ತೊಳೆದು ತಿಕ್ಕಿದ ಹಲಗೆಯನ್ನು, ಬಣ್ಣ ಬೀಳುವ ಮೊದಲೇ, ತೋರಿಸಿರಿ ಎನ್ನಿರಿ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋಯಿತು. ತುಂಬಿ ನಿಂತಿದ್ದ ನೀರು ದಿನಗಟ್ಟಲೆ ಹರಿದುಹೋಯಿತು. ಸರಪಳಿ, ಕೀಲು, ಗಾಲಿಗಳಂಥ ಅಲುಗಾಡುವ ಭಾಗಗಳಿಗೆ ಬಣ್ಣ ನಿಲ್ಲದು. ಅವಕ್ಕೆ ಗ್ರೀಸೇ ಬೇಕು, ಅದೂ ಹಳೆಯ ಗ್ರೀಸು ಮಣ್ಣನ್ನು ತೆಗೆದು, ಕೊಂಡಿ ಕೊಂಡಿ ನೋಡಿ ಹಾಕಿದ್ದು.